ಕೋಲ್ಬೇರ್ ಮಂತ್ರಿಯೂ ನೆರೆನಾಡಿನ ಕಸುಬುದಾರರೂ

ಎರಡು ನೆರೆರಾಷ್ಟ್ರಗಳಲ್ಲಿ ಒಂದು ಹಡಗು, ಜವಳಿ, ವ್ಯಾಪಾರಗಳಲ್ಲಿ ಬಹುದೂರ ಮುಂದೆ ಹೋಗಿ, ಮತ್ತೊಂದು ಜನಬಲದಲ್ಲಿಯೂ ಭೂವಿಸ್ತಾರದಲ್ಲಿಯೂ ಮೇಲಾಗಿದ್ದರೂ ಹಿಂದುಳಿದುಬಿಟ್ಟರೆ, ಆ ಹಿಂದುಳಿದ ರಾಷ್ಟ್ರದ ಸರಕಾರವು ಮಾಡತಕ್ಕುದೇನು? ಈ ಪ್ರಶ್ನೆಯು ನಮ್ಮ ಕಾಲದಲ್ಲಿ ಹುಟ್ಟಿದುದೆಂದು ಭಾವಿಸುವವರು ಬಹಳ. ಆಮದು ಸುಂಕವನ್ನು ಏರಿಸುವುದು, ಪರರಾಜ್ಯದ ಕುಶಲಿಗಳನ್ನು ಹೆಚ್ಚಿನ ವೇತನದ ಮೇಲೆ ಬರಮಾಡಿಕೊಳ್ಳುವುದು, ಹೊಸ ಕಾರಖಾನೆಗೆ ಬೊಕ್ಕಸದಿಂದ ಹಣ ಕೊಡುವುದು, ಕೆಲವು ವರ್ಷಗಳ ಮಟ್ಟಿಗೆ ಏಕಸ್ವಾಮ್ಯವನ್ನು ದಯಪಾಲಿಸುವುದು ಈ ಉಪಾಯಗಳೆಲ್ಲವನ್ನೂ ಹದಿನೇಳನೆಯ ಶತಮಾನದಲ್ಲಿಯೇ ಒಬ್ಬ ಫ್ರೆಂಚ್ ಮಂತ್ರಿಯು ಇಪ್ಪತ್ತೆರಡು ವರ್ಷಗಳ ಕಾಲ ಪ್ರಯೋಗಿಸಿ ನೋಡಿದನು. ಕೆಲವು ಫಲಿಸಿದವು, ಕೆಲವು ಕೆಟ್ಟವು. ಯಾವುದು ಏಕೆ ಫಲಿಸಿತೆಂಬುದನ್ನು ತಿಳಿಯಲು ಅವನ ಜೀವಿತವನ್ನು ನೋಡುವುದೇ ಸುಲಭವಾದ ಮಾರ್ಗ.

ಜ್ಯಾಂ ಬಾಪ್ತಿಸ್ತ್ ಕೋಲ್ಬೇರನು 1619ನೆಯ ಇಸವಿ ಆಗಸ್ಟ್ 29ರಂದು ರೀಮ್ಸ್ ಪಟ್ಟಣದ ವರ್ತಕರ ಮನೆತನವೊಂದರಲ್ಲಿ ಹುಟ್ಟಿದನು. ಮುಂದೆ ಅಧಿಕಾರಕ್ಕೆ ಬಂದ ಮೇಲೆ ತನ್ನ ವಂಶವು ಸ್ಕಾಟ್ಲಂಡಿನ ಸರದಾರರಿಂದ ಇಳಿದುಬಂದುದೆಂದು ತೋರಿಸಿಕೊಳ್ಳುವ ಚಪಲವು ಅವನಿಗೆ ಹತ್ತಿತ್ತು. ಆದರೆ ಅವನಿಗೆ ನಿಜವಾಗಿ ಉಪಕಾರ ಮಾಡಿದುದು ಅಂಗಡಿಯ ಖಾತೆಪುಸ್ತಕವೇ ಹೊರತು ಸ್ಕಾಟ್ಲಂಡಿನ ಸರದಾರರಲ್ಲ. ಮೊದಲು ಯುದ್ಧಮಂತ್ರಿ ಲ ತೆಲ್ಯೇ ಎಂಬವನ ಕಚೇರಿಯಲ್ಲಿ ಕೆಲಸ ಕಲಿತು, 1651ರಲ್ಲಿ ಪ್ರಧಾನಮಂತ್ರಿ ಮಜಾರಿನನ ಸೇವೆಗೆ ಸೇರಿದನು. ದೇಶದಲ್ಲಿ ಸರದಾರರ ದಂಗೆಯೆದ್ದು ಮಜಾರಿನನು ದೇಶಾಂತರ ಹೋಗಬೇಕಾಗಿ ಬಂದಾಗ ಅವನ ಆಸ್ತಿಪಾಸ್ತಿಗಳನ್ನು ಕಾಪಾಡಿದವನು ಕೋಲ್ಬೇರನೇ. ಮಜಾರಿನನು 1661ರ ಮಾರ್ಚಿಯಲ್ಲಿ ತೀರಿಕೊಳ್ಳುವಾಗ ಅಪಾರವಾದ ಸಂಪತ್ತನ್ನು ಬಿಟ್ಟುಹೋದನು. ಕೋಲ್ಬೇರನನ್ನು ಮಾತ್ರ ಹದಿನಾಲ್ಕನೆಯ ಲೂಯಿ ದೊರೆಗೆ ಶಿಫಾರಸು ಮಾಡಿಹೋದನು.

ಹಣಕಾಸಿನ ಮುಖ್ಯಾಧಿಕಾರಿಯಾಗಿದ್ದ ಫೂಕೆಯು ಅದೇ ವರ್ಷ ಆಗಸ್ಟ್ 17ರಂದು ತಾನು ಹೊಸದಾಗಿ ಕಟ್ಟಿಸಿದ ಅರಮನೆಯಂತಹ ಮಾಳಿಗೆಯಲ್ಲಿ ದೊರೆಗೆ ಔತಣವನ್ನು ನಡೆಸಿದನು. ಮೂರು ವಾರ ತುಂಬುವುದರೊಳಗೆ, ಸೆಪ್ಟೆಂಬರ್ 5ರಂದು, ಅವನು ಸೆರೆಯಾದನು. ವಿಚಾರಣೆಯು ಮೂರು ವರ್ಷ ನಡೆಯಿತು. ನ್ಯಾಯಾಧೀಶರು ಗಡೀಪಾರನ್ನು ವಿಧಿಸಿದರೆ ದೊರೆಯು ಅದನ್ನು ಆಜೀವ ಕಾರಾಗೃಹವಾಗಿ ಹೆಚ್ಚಿಸಿದನು. ಶಿಕ್ಷೆಯನ್ನು ಕಡಿಮೆ ಮಾಡುವುದು ಅರಸರ ಧರ್ಮವೆಂದು ಕೇಳಿದ್ದೇವೆ, ಇಲ್ಲಿ ಅದು ತಲೆಕೆಳಗಾಯಿತು. ಈ ಪ್ರಕರಣದ ಹಿಂದೆ ನಿಂತು ಸೂತ್ರವನ್ನು ಎಳೆದವನು ಕೋಲ್ಬೇರನು. ಫೂಕೆಯು ನಿರಪರಾಧಿಯೆಂದು ನಾವು ಹೇಳುವುದಿಲ್ಲ. ಆದರೆ ಮಜಾರಿನನ ಲೆಕ್ಕವನ್ನು ಬಲ್ಲ ಗುಮಾಸ್ತನು ಫೂಕೆಯ ಲೆಕ್ಕವನ್ನು ಶೋಧಿಸಲು ಹೊರಟುದರಲ್ಲಿ ಶುದ್ಧವಾದ ಧರ್ಮಬುದ್ಧಿಯೊಂದೇ ಇದ್ದಿತೆಂದು ನಂಬುವುದು ಕಷ್ಟ.

ಅಧಿಕಾರವು ಕೈಗೆ ಬಂದ ಮೇಲೆ ಅವನು ದುಡಿದ ದುಡಿಮೆಯು ಅಸಾಧಾರಣವಾದುದು. ಜನರಿಂದ ವಸೂಲಾದ ಕಂದಾಯದಲ್ಲಿ ಅರ್ಧಕ್ಕಿಂತಲೂ ಕಡಿಮೆ ಮಾತ್ರ ಖಜಾನೆಯನ್ನು ಮುಟ್ಟುತ್ತಿದ್ದ ಕಾಲವದು. ಗುತ್ತಿಗೆದಾರರನ್ನು ವಿಶೇಷ ನ್ಯಾಯಸ್ಥಾನಕ್ಕೆ ಎಳೆದು ಕಕ್ಕಿಸಿದನು. ಸುಳ್ಳು ಸಾಲಪತ್ರಗಳನ್ನು ರದ್ದುಪಡಿಸಿದನು. ಜಮಾಖರ್ಚುಗಳನ್ನು ದೊರೆಯ ಕೈಯಲ್ಲಿಯೇ ಹಿಡಿಸುವಂತೆ ಪುಸ್ತಕಗಳನ್ನು ಬರೆಸಿಟ್ಟನು. 1665ರಲ್ಲಿ ಹಣಕಾಸಿನ ಮಹಾನಿಯಂತ್ರಕನೂ 1669ರಲ್ಲಿ ನೌಕಾಮಂತ್ರಿಯೂ ಆದನು. ಕಟ್ಟಡಗಳು, ಅರಣ್ಯಗಳು, ವಸಾಹತುಗಳು, ಕೈಗಾರಿಕೆಗಳು ಎಲ್ಲವೂ ಒಂದೊಂದಾಗಿ ಅವನ ಮೇಜಿಗೆ ಬಂದವು. ಮುಖದಲ್ಲಿ ನಗೆಯಿಲ್ಲದ, ಮಾತಿನಲ್ಲಿ ಬಿಸಿಯಿಲ್ಲದ ಈ ಮನುಷ್ಯನಿಗೆ ಪ್ಯಾರಿಸಿನ ಕುಲೀನ ಸ್ತ್ರೀಯೊಬ್ಬಳು ಉತ್ತರ ದಿಕ್ಕು ಎಂದು ಅಡ್ಡಹೆಸರಿಟ್ಟಿದ್ದಳು. ನಮ್ಮ ವಾಚಕರಿಗೆ ಉತ್ತರವೆಂದರೆ ಹಿಮವತ್ಪರ್ವತದ ಪಾವಿತ್ರ್ಯವು ನೆನಪಾಗಬಹುದು. ಆಕೆಯ ಮನಸ್ಸಿನಲ್ಲಿದ್ದುದು ಚಳಿ ಮಾತ್ರ.

ಆಗ ಫ್ರಾನ್ಸಿನ ಕಣ್ಣು ಕುಕ್ಕುತ್ತಿದ್ದ ನೆರೆರಾಷ್ಟ್ರವು ಹಾಲೆಂಡು. ಫ್ರಾನ್ಸಿನಲ್ಲಿ ಸುಮಾರು 2 ಕೋಟಿ ಜನ. ಹಾಲೆಂಡಿನಲ್ಲಿ ಸುಮಾರು 20 ಲಕ್ಷ. ಫ್ರಾನ್ಸಿನಲ್ಲಿ ಗೋಧಿ, ದ್ರಾಕ್ಷಿ, ಕಾಡು, ಉಪ್ಪು ಎಲ್ಲವೂ ಸಮೃದ್ಧ. ಹಾಲೆಂಡಿನ ಬಹುಭಾಗವು ಸಮುದ್ರವನ್ನು ಏರಿ ಕಟ್ಟಿ ತಡೆದು ಪಡೆದ ಜೌಗುಭೂಮಿ. ಆದರೂ ಫ್ರೆಂಚರ ಮದ್ಯವನ್ನು ಉತ್ತರದ ದೇಶಗಳಿಗೆ ಒಯ್ಯುವವರು ಡಚ್ಚರು, ಬಾಲ್ಟಿಕ್ ತೀರದ ಮರ, ಕೀಲು, ಧಾನ್ಯಗಳನ್ನು ಫ್ರಾನ್ಸಿಗೆ ತರುವವರೂ ಡಚ್ಚರೇ. ಇದಕ್ಕೆ ಮಾಯಾಮಂತ್ರವೇನೂ ಇರಲಿಲ್ಲ. ಹದಿನಾರನೆಯ ಶತಮಾನದ ಕೊನೆಗೆ ಅವರಲ್ಲಿ ಮರವನ್ನು ಕೊಯ್ಯುವ ಗಾಳಿಯಂತ್ರವು ಹುಟ್ಟಿತು. ಅದೇ ಕಾಲದಲ್ಲಿ, ಹೊಟ್ಟೆ ಅಗಲವಾಗಿ, ಕಡಿಮೆ ಖಲಾಸಿಗಳಿಂದ ನಡೆಯುವ ಹೊಸ ಬಗೆಯ ಸರಕು ಹಡಗು ಸಿದ್ಧವಾಯಿತು. 1609ರಲ್ಲಿ ಆಂಸ್ಟರ್‌ಡಾಮಿನಲ್ಲಿ ಸ್ಥಾಪಿತವಾದ ಬ್ಯಾಂಕಿನಲ್ಲಿ ವರ್ತಕನಿಗೆ ನಂಬಿಕೆ. ಸಾಲಕ್ಕೆ ಬಡ್ಡಿ ನೂರಕ್ಕೆ ನಾಲ್ಕು, ಕೆಲವು ವೇಳೆ ಅದಕ್ಕೂ ಕಡಿಮೆ. ಬೇರೆ ರಾಜ್ಯಗಳಲ್ಲಿ ಮತದ ಕಾರಣದಿಂದ ಹಿಂಸೆಗೊಳಗಾದ ಕಸುಬುದಾರರು ಬಂದು ನೆಲಸಲು ಅಲ್ಲಿ ಎಡೆಯಿತ್ತು. ಲೈಡನ್ ಪಟ್ಟಣದ ಉಣ್ಣೆಯ ನೇಯ್ಗೆಯು ಇಂತಹ ವಲಸೆಗಾರರಿಂದಲೇ ಬೆಳೆದುದು.

ಕೋಲ್ಬೇರನು ಈ ಸ್ಥಿತಿಯನ್ನು ಅಂಕೆಗಳಲ್ಲಿ ಕಂಡನು. ಯೂರೋಪಿನ ಸಮುದ್ರವ್ಯಾಪಾರವು ಸುಮಾರು 20,000 ಹಡಗುಗಳಿಂದ ನಡೆಯುವುದೆಂದೂ, ಅವುಗಳಲ್ಲಿ 15-16 ಸಾವಿರ ಡಚ್ಚರವೆಂದೂ, ಫ್ರೆಂಚರವು 500-600ಕ್ಕೆ ಮೀರವೆಂದೂ ಅವನು ಅಂದಾಜು ಮಾಡಿದ್ದನು. ಡಚ್ಚರ ಸಂಖ್ಯೆಯಲ್ಲಿ ಅತಿಶಯವಿದ್ದಿರಬಹುದು. ಅದಕ್ಕಿಂತ ಮುಖ್ಯವಾದುದು ಅವನು ಅದರಿಂದ ತೆಗೆದ ನಿರ್ಣಯ. ಈ 20,000 ಎಂಬುದು ಹೆಚ್ಚಲಾರದು, ಆದುದರಿಂದ ಫ್ರಾನ್ಸಿಗೆ ಒಂದು ಹಡಗು ಹೆಚ್ಚಬೇಕಾದರೆ ಹಾಲೆಂಡಿಗೆ ಒಂದು ಕಡಿಮೆಯಾಗಲೇಬೇಕು ಎಂದು ಅವನ ನಂಬಿಕೆ. ವ್ಯಾಪಾರವೆಂಬುದು ಅವನ ದೃಷ್ಟಿಯಲ್ಲಿ ಹಣದಿಂದ ನಡೆಯುವ ಯುದ್ಧವಾಗಿತ್ತು. ಅವನ ಜೀವಿತದ ಒಳ್ಳೆಯ ಕೆಲಸಗಳೂ ಕೆಟ್ಟ ಕೆಲಸಗಳೂ ಇದೊಂದೇ ಎಣಿಕೆಯಿಂದ ಹೊರಟವು.

ಆದರೆ ಅವನಿಗೆ ಮತ್ತೊಂದು ತಿಳಿವಳಿಕೆಯೂ ಇದ್ದಿತು. ಅದು ಅಂಗಡಿಯ ಮನೆಯಲ್ಲಿ ಹುಟ್ಟಿದವನಿಗೆ ಬರುವಂತಹುದು. ಕೈಗಾರಿಕೆಯ ಗುಟ್ಟು ಗ್ರಂಥಗಳಲ್ಲಿರುವುದಿಲ್ಲ, ಕಸುಬುದಾರನ ಕೈಯಲ್ಲಿರುತ್ತದೆ. ಆ ಕೈ ಬೇಕಾದರೆ ಆ ಮನುಷ್ಯನನ್ನೇ ತರಬೇಕು. ಆದ್ದರಿಂದ ಅವನ ರಾಯಭಾರಿಗಳು ಪರರಾಜ್ಯಗಳಲ್ಲಿ ಸಂಧಿಯ ಮಾತುಗಳನ್ನಾಡುವುದರ ಜತೆಗೆ ನೇಕಾರರನ್ನೂ ಬಣ್ಣಗಾರರನ್ನೂ ಬಡಗಿಗಳನ್ನೂ ಹುಡುಕತೊಡಗಿದರು.

ಕನ್ನಡಿಯ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದೊಡ್ಡ ನಿಲುಗನ್ನಡಿಗಳನ್ನು ಮಾಡುವ ವಿದ್ಯೆಯು ವೆನಿಸ್ ಪಟ್ಟಣದ ಸಮೀಪದ ಮುರಾನೋ ದ್ವೀಪದವರ ಸೊತ್ತಾಗಿತ್ತು. ಆ ವಿದ್ಯೆಯನ್ನು ಹೊರಗೊಯ್ಯುವ ಕೆಲಸಗಾರನ ಬಂಧುಗಳನ್ನು ಸೆರೆಗೆ ಹಾಕುವುದು, ಅದಕ್ಕೂ ಅವನು ಹಿಂದಿರುಗದಿದ್ದರೆ ಅವನನ್ನು ಕೊಲ್ಲಿಸುವುದು, ಇದು ವೆನಿಸಿನ ಶಾಸನ. 1665ರಲ್ಲಿ ಕೋಲ್ಬೇರನು ವೆನಿಸಿನಲ್ಲಿದ್ದ ಫ್ರೆಂಚ್ ರಾಯಭಾರಿಗೆ ಕೆಲಸಗಾರರನ್ನು ಒಲಿಸಿ ಕಳುಹಿಸುವಂತೆ ಬರೆದಾಗ, ಆ ರಾಯಭಾರಿಯು ಇದಕ್ಕೆ ಕೈಹಾಕಿದರೆ ತನ್ನನ್ನು ಸಮುದ್ರಕ್ಕೆ ಎಸೆದಾರೆಂದು ಮೊದಲು ಹೆದರಿದನು. ಆಮೇಲೆ ಹೇಗೋ ಕೆಲವರನ್ನು ಗುಟ್ಟಾಗಿ ದಾಟಿಸಿದನು. ಅದೇ ವರ್ಷ ಪ್ಯಾರಿಸಿನಲ್ಲಿ ರಾಜಕೀಯ ಕನ್ನಡಿ ಕಾರಖಾನೆಯು ಸ್ಥಾಪಿತವಾಯಿತು. ಬಂದವರಿಗೆ ಭಾರಿ ವೇತನ, ಬಹುಮಾನ, ರಾಜನ ದರ್ಶನ ಎಲ್ಲವೂ ದೊರೆಯಿತು. ಆದರೆ ಅವರು ಫ್ರೆಂಚ್ ಶಿಷ್ಯರಿಗೆ ಕೆಲಸವನ್ನು ತೋರಿಸಿಕೊಡಲು ಒಪ್ಪಲಿಲ್ಲ, ತಮ್ಮತಮ್ಮಲ್ಲಿಯೇ ಕಚ್ಚಾಡಿದರು. ವೆನಿಸಿನ ಪ್ರತಿನಿಧಿಯು ಒಂದು ಕೈಯಲ್ಲಿ ಕ್ಷಮಾಪತ್ರವನ್ನೂ ಮತ್ತೊಂದರಲ್ಲಿ ಬೆದರಿಕೆಯನ್ನೂ ಹಿಡಿದು ಅವರ ಬೆನ್ನುಹತ್ತಿದನು. 1667ರ ಜನವರಿಯಲ್ಲಿ ಇಬ್ಬರು ಪ್ರವೀಣರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ವಿಷಪ್ರಯೋಗದ ಸಂಶಯವು ಎಲ್ಲೆಡೆ ಹಬ್ಬಿತು. ಉಳಿದವರು ಅದೇ ವರ್ಷ ಊರಿಗೆ ಮರಳಿದರು.

ಮೇಲುನೋಟಕ್ಕೆ ಇದು ಸೋಲು. ಆದರೆ ಆ ಎರಡು ವರ್ಷಗಳಲ್ಲಿ ನೋಡುವವರು ನೋಡಿ ಕಲಿತುಬಿಟ್ಟಿದ್ದರು. ನಾರ್ಮಂಡಿಯಲ್ಲಿ ಅದಾಗಲೇ ಗಾಜಿನ ಕೆಲಸ ಮಾಡುತ್ತಿದ್ದ ಫ್ರೆಂಚರ ಭಟ್ಟಿಯೊಂದು ಕಾರಖಾನೆಗೆ ಸೇರಿಕೊಂಡಿತು. 1672ರಲ್ಲಿ ವೆನಿಸಿನ ಕನ್ನಡಿಗಳ ಆಮದನ್ನೇ ನಿಲ್ಲಿಸಲು ಕೋಲ್ಬೇರನಿಗೆ ಧೈರ್ಯ ಬಂದಿತು. ವರ್ಸೇಲ್ಸ್ ಅರಮನೆಯ ಪ್ರಸಿದ್ಧವಾದ ದರ್ಪಣಶಾಲೆಯಲ್ಲಿ ಕೂಡಿಸಿದ 357 ಕನ್ನಡಿಗಳು ಫ್ರೆಂಚರು ಮಾಡಿದವು.

ಆಬ್ವಿಲ್ ಪಟ್ಟಣದಲ್ಲಿ ನಡೆದ ಕೆಲಸವು ಇದಕ್ಕಿಂತ ಸದ್ದಿಲ್ಲದುದು. ಹಾಲೆಂಡಿನ ಮಿಡಲ್‌ಬರ್ಗಿನ ಯೋಸ್ ವಾನ್ ರೋಬೈಸ್ ಎಂಬ ಜವಳಿ ಕುಶಲಿಯು 1665ರಲ್ಲಿ 50 ಮಂದಿ ಡಚ್ ಕೆಲಸಗಾರರೊಡನೆ ಅಲ್ಲಿಗೆ ಬಂದು ನಯವಾದ ಉಣ್ಣೆಯ ಬಟ್ಟೆಯ ಕಾರಖಾನೆಯನ್ನು ತೆರೆದನು. ಅವನಿಗೆ 20 ವರ್ಷಗಳ ಏಕಸ್ವಾಮ್ಯವೂ ಧನಸಹಾಯವೂ ದೊರೆತವು. ಇವೆರಡಕ್ಕಿಂತಲೂ ಮಿಗಿಲಾದ ಮೂರನೆಯ ಷರತ್ತೊಂದಿತ್ತು: ಕ್ಯಾಥೊಲಿಕ್ ಮತದ ಆ ರಾಜ್ಯದಲ್ಲಿ ಅವನಿಗೂ ಅವನ ಕೆಲಸಗಾರರಿಗೂ ತಮ್ಮ ಪ್ರೊಟೆಸ್ಟಂಟ್ ಮತವನ್ನು ಆಚರಿಸಲು ಅನುಮತಿ. ನೆರೆಯವನ ಕೈಯಷ್ಟೇ ಬರಲಾರದು, ಅವನ ಹೆಂಡತಿ ಮಕ್ಕಳು, ಅವನ ದೇವರು ಎಲ್ಲವೂ ಜತೆಯಲ್ಲಿ ಬರುತ್ತವೆಂಬುದನ್ನು ಕೋಲ್ಬೇರನು ಇಲ್ಲಿ ಅರಿತು ನಡೆದನು. ಆ ಕಾರಖಾನೆಯು ಮುಂದಿನ ಶತಮಾನದಲ್ಲಿ ಯೂರೋಪಿನ ದೊಡ್ಡ ಜವಳಿ ಕಾರಖಾನೆಗಳಲ್ಲೊಂದಾಯಿತು.

ಎಲ್ಲ ಕಡೆಯಲ್ಲಿಯೂ ಈ ವಿವೇಕವಿರಲಿಲ್ಲ. ಆಲಾಂಸೋನಿನಲ್ಲಿ ಹೆಂಗಸರು ಮನೆಯಲ್ಲಿ ಕುಳಿತು ಕಸೂತಿಯ ಜಾಲರಿಯನ್ನು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ವೆನಿಸಿನ ಮಾದರಿಯಲ್ಲಿ, ಒಂದೇ ಕಂಪೆನಿಯ ಅಧೀನದಲ್ಲಿ ಮಾತ್ರ ಆ ಕೆಲಸ ನಡೆಯತಕ್ಕುದೆಂದು 1665ರಲ್ಲಿ ಆಜ್ಞೆ ಹೊರಟಾಗ ಆ ಹೆಂಗಸರು ಬೀದಿಗಿಳಿದು ಗಲಭೆ ಮಾಡಿದರು. ಸರಕಾರವು ಕೊಂಚ ತಗ್ಗಿತು. ಇನ್ನು ಬಟ್ಟೆಯ ಉದ್ದ, ಅಗಲ, ಎಳೆಗಳ ಕುರಿತು 1669ರಲ್ಲಿ ಬಂದ ನಿಯಮಗಳೂ, ಬಣ್ಣ ಹಾಕುವುದರ ಕುರಿತು 1671ರಲ್ಲಿ ಬಂದ 317 ಕಲಮುಗಳ ನಿಬಂಧನೆಯೂ ನೇಕಾರನ ನೆತ್ತಿಯ ಮೇಲೆ ಇನ್ಸ್‌ಪೆಕ್ಟರನನ್ನು ಕೂಡಿಸಿದವು. ಕೆಟ್ಟ ಮಾಲನ್ನು ಮಾಡಿದವನ ಹೆಸರು ಸಹಿತವಾಗಿ ಆ ಮಾಲನ್ನು ಸಂತೆಯ ಕಂಬಕ್ಕೆ ತೂಗಹಾಕಬೇಕು, ಮೂರನೆಯ ತಪ್ಪಿಗೆ ಅವನನ್ನೇ ಎರಡು ಗಂಟೆಗಳ ಕಾಲ ಆ ಕಂಬಕ್ಕೆ ಕಟ್ಟಬೇಕು ಎಂದು 1670ರ ಡಿಸೆಂಬರಿನ ಆಜ್ಞೆ. ಮಾಲು ಒಳ್ಳೆಯದಾಗದೆ ಪರದೇಶದ ಗಿರಾಕಿ ಬರಲಾರನೆಂಬುದು ನಿಜವೇ. ಆದರೆ ಡಚ್ ನೇಕಾರನು ಗಿರಾಕಿಯ ರುಚಿಗೆ ತಕ್ಕಂತೆ ಬಟ್ಟೆಯನ್ನು ಬದಲಾಯಿಸುವಷ್ಟರಲ್ಲಿ ಫ್ರೆಂಚ್ ನೇಕಾರನು ಕಲಮಿನ ಸಂಖ್ಯೆಯನ್ನು ಹುಡುಕುತ್ತ ಕುಳಿತಿರಬೇಕಾಗಿತ್ತು. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಹಡಗುಗಳ ವಿಷಯದಲ್ಲಿ ಅವನ ಯಶಸ್ಸು ನಿರ್ವಿವಾದವಾದುದು. 1661ರಲ್ಲಿ ಫ್ರಾನ್ಸಿಗಿದ್ದ ಯೋಗ್ಯವಾದ ಯುದ್ಧನೌಕೆಗಳು ಸುಮಾರು 20. 1666ರಲ್ಲಿ ಶಾರಾಂತ್ ನದಿಯ ದಡದ ಜೌಗಿನಲ್ಲಿ ರೋಶ್‌ಫೋರ್ ಎಂಬ ಹೊಸ ನೌಕಾಪಟ್ಟಣವನ್ನು ಕಟ್ಟಿಸಿದನು; ಅಲ್ಲಿ ಹಗ್ಗ ಹೊಸೆಯುವುದಕ್ಕಾಗಿ ಎದ್ದ 374 ಮೀಟರ್ ಉದ್ದದ ಕಟ್ಟಡವು ಇಂದಿಗೂ ನಿಂತಿದೆ. 1669ರಲ್ಲಿ ಅರಣ್ಯ ಶಾಸನವನ್ನು ತಂದು, ಮುಂದಿನ ಪೀಳಿಗೆಯ ಹಡಗುಗಳಿಗೆ ಓಕ್ ಮರಗಳನ್ನು ಕಾದಿರಿಸಿದನು. ಡಚ್ ಹಡಗುಗಾರರನ್ನು ಕರೆಸಿದುದಲ್ಲದೆ, 1671ರಲ್ಲಿ ತನ್ನ ಸ್ವಂತ ಮಗನಾದ ಸೆನ್ಯೆಲೇಯನ್ನು ಹಾಲೆಂಡು ಇಂಗ್ಲಂಡುಗಳಿಗೆ ಕಳುಹಿಸಿ, ಅಲ್ಲಿಯ ಹಡಗುಕಟ್ಟೆಗಳನ್ನು ಕಣ್ಣಾರೆ ನೋಡಿ ಬರುವಂತೆ ವಿಧಿಸಿದನು. ಹಾಲೆಂಡಿನ ಮೇಲೆ ಯುದ್ಧ ಸಾರುವುದಕ್ಕೆ ಒಂದು ವರ್ಷ ಮೊದಲಿನ ಮಾತಿದು. ಅವನು ಸಾಯುವಾಗ ಹಿರಿಕಿರಿದು ಸೇರಿ 200ಕ್ಕೂ ಮಿಕ್ಕ ಯುದ್ಧನೌಕೆಗಳಿದ್ದವು. ಈ ವೈಭವಕ್ಕೆ ಕರಾಳವಾದ ಮಗ್ಗುಲೂ ಉಂಟು: ಹುಟ್ಟುಹಾಕುವ ನೌಕೆಗಳಿಗೆ ಆಳು ಸಾಲದೆ, ಅಪರಾಧಿಗಳನ್ನು ಸಾಧ್ಯವಾದಷ್ಟು ಅಲ್ಲಿಗೇ ಕಳುಹಿಸುವಂತೆ ನ್ಯಾಯಾಧೀಶರಿಗೆ ಅವನು ಬರೆಯುತ್ತಿದ್ದನು, ಸಕ್ಕರೆಯ ದ್ವೀಪಗಳಲ್ಲಿ ಆಫ್ರಿಕದ ಗುಲಾಮರನ್ನು ಆಳುವ ಕ್ರೂರವಾದ ಶಾಸನವು 1685ರಲ್ಲಿ ಹೊರಬಿದ್ದರೂ, ಅದರ ಸಿದ್ಧತೆಯು ಅವನ ಕಾಲದಲ್ಲಿಯೇ ಆರಂಭವಾದುದು.

ವಿದ್ಯೆಯ ವಿಷಯದಲ್ಲಿ ಮಾತ್ರ ಅವನ ಉದಾರತೆಗೆ ಮಿತಿಯಿರಲಿಲ್ಲ. 1666ರಲ್ಲಿ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಮರುವರ್ಷ ಪ್ಯಾರಿಸಿನ ವೇಧಶಾಲೆಗೆ ಅಡಿಗಲ್ಲಿಡಿಸಿದನು. ಪರಿಷತ್ತಿಗೆ ಮುಕುಟಪ್ರಾಯನಾಗಿ ಬಂದವನು ಡಚ್ಚನಾದ ಹೈಗೆನ್ಸ್. ಲೋಲಕದ ಗಡಿಯಾರವನ್ನು ನಿರ್ಮಿಸಿದ ಈ ಮಹಾವಿಜ್ಞಾನಿಯು, ಫ್ರೆಂಚ್ ಸೈನ್ಯವು ತನ್ನ ತಾಯ್ನಾಡನ್ನು ತುಳಿಯುತ್ತಿದ್ದ 1673ರಲ್ಲಿ, ಗಡಿಯಾರಗಳನ್ನು ಕುರಿತ ತನ್ನ ಮಹಾಗ್ರಂಥವನ್ನು ಲೂಯಿ ದೊರೆಗೆ ಅರ್ಪಿಸಿದನು. ಇಟಲಿಯಿಂದ ಕಾಸೀನಿ, ಡೆನ್ಮಾರ್ಕಿನಿಂದ ರೋಮರ್ ಬಂದರು. ಬೆಳಕಿಗೂ ವೇಗವುಂಟೆಂಬುದನ್ನು ರೋಮರನು 1676ರಲ್ಲಿ ತೋರಿಸಿದುದು ಪ್ಯಾರಿಸಿನಲ್ಲಿ. ಇದೇ ಕಾಲದಲ್ಲಿ ರಿಕೆ ಎಂಬ ಉಪ್ಪಿನ ತೆರಿಗೆಯ ಗುತ್ತಿಗೆದಾರನು, ತೂಲೂಸಿನಿಂದ ಮೆಡಿಟರೇನಿಯನ್ ಸಮುದ್ರದವರೆಗೆ 240 ಕಿಲೋಮೀಟರ್ ಉದ್ದದ ಕಾಲುವೆಯನ್ನು ತೋಡಿಸಿದನು. ಕೋಲ್ಬೇರನು ಅವನನ್ನು ಬೆಂಬಲಿಸಿದನು, ಶಂಕಿಸಿದನು, ಹಣಕ್ಕಾಗಿ ಸತಾಯಿಸಿದನು. ಕಾಲುವೆಯು 1681ರಲ್ಲಿ ತೆರೆಯುವುದಕ್ಕೆ ಕೆಲವು ತಿಂಗಳ ಮೊದಲೇ ರಿಕೆಯು ಸಾಲದ ಹೊರೆಯಿಂದ ಕಣ್ಮುಚ್ಚಿದನು.

ಡಚ್ಚರ ಪೂರ್ವದೇಶದ ಕಂಪೆನಿಯನ್ನು ನೋಡಿ ಕೋಲ್ಬೇರನು 1664ರಲ್ಲಿ ತನ್ನದೊಂದು ಕಂಪೆನಿಯನ್ನು ತೆಗೆದನು. ಬಂಡವಾಳ 150 ಲಕ್ಷ ಲೀವ್ರ್ ಎಂದು ಸಾರಿದರೂ ಅಷ್ಟು ಹಣ ಕೂಡಲಿಲ್ಲ. ಹಾಲೆಂಡಿನಲ್ಲಿ ವರ್ತಕರು ತಾವಾಗಿ ಕೊಂಡ ಪಾಲುಗಳನ್ನು ಫ್ರಾನ್ಸಿನಲ್ಲಿ ಅಧಿಕಾರಿಗಳು ಮುಲಾಜಿಗಾಗಿ ಕೊಳ್ಳಬೇಕಾಯಿತು. ಡಚ್ ಕಂಪೆನಿಯಲ್ಲಿ ಬಹುಕಾಲ ಪಳಗಿದ ಕಾರೋನ್ ಎಂಬವನನ್ನು ನಿರ್ದೇಶಕನಾಗಿ ತಂದು, ಅವನಿಂದ 1668ರಲ್ಲಿ ಸೂರತ್ತಿನಲ್ಲಿ ಕೋಠಿಯನ್ನು ಹಾಕಿಸಿದನು. ನಮ್ಮ ನಾಡಿನ ಚರಿತ್ರೆಗೂ ಇದಕ್ಕೂ ಒಂದು ಎಳೆಯ ಸಂಬಂಧವುಂಟು: 1674ರಲ್ಲಿ ಫ್ರಾನ್ಸ್ವಾ ಮಾರ್ತೆಂ ನೆಲೆನಿಂತ ಪುದುಚ್ಚೇರಿಯು ಆಗ ವಿಜಾಪುರದ ಆದಿಲಶಾಹಿಯ ಆಡಳಿತಕ್ಕೆ ಸೇರಿದುದಾಗಿದ್ದು, ಫ್ರೆಂಚರಿಗೆ ಅಲ್ಲಿ ಎಡೆಗೊಟ್ಟವನು ವಿಜಾಪುರದ ಅಧಿಕಾರಿಯಾದ ಶೇರ್ ಖಾನ್ ಲೋದಿ. ಅದನ್ನು ಸಹ ಡಚ್ಚರು 1693ರಲ್ಲಿ ಕಿತ್ತುಕೊಂಡು, ಸಂಧಿಯಾದ ಮೇಲೆ ಹಿಂದಿರುಗಿಸಿದರು.

ಸುಂಕದ ಕಥೆಯು ಎಲ್ಲಕ್ಕಿಂತ ದುಃಖಕರವಾದುದು. 1664ರ ಸುಂಕಪಟ್ಟಿಯು ಮಿತವಾಗಿತ್ತು. ದೇಶದೊಳಗಣ ಅನೇಕ ಸುಂಕದ ಕಟ್ಟೆಗಳನ್ನು ಅದು ತೆಗೆದುಹಾಕಿತು. ಆದರೆ 1667ರಲ್ಲಿ ಡಚ್ ಮತ್ತು ಇಂಗ್ಲಿಷ್ ನಯಬಟ್ಟೆಯ ಮೇಲಣ ಸುಂಕವು ಒಮ್ಮೆಗೆ ಎರಡರಷ್ಟಾಯಿತು. ಡಚ್ಚರು ನಾಲ್ಕು ವರ್ಷ ಮಾತಿನಲ್ಲಿ ಬೇಡಿ, ಕೊನೆಗೆ ಫ್ರಾನ್ಸಿನ ಮದ್ಯಗಳಿಗೆ ಬಾಗಿಲು ಹಾಕಿದರು. ಬೋರ್ಡೋ ಪ್ರಾಂತದ ದ್ರಾಕ್ಷಿಯ ರೈತನು ಆಬ್ವಿಲಿನ ನೇಯ್ಗೆಗಾಗಿ ದಂಡ ತೆರುವಂತಾಯಿತು. 1672ರಲ್ಲಿ ಲೂಯಿಯು ಸೈನ್ಯವನ್ನು ನಡೆಸಿದಾಗ, ಖರ್ಚನ್ನು ಬಲ್ಲ ಕೋಲ್ಬೇರನು ಅದನ್ನು ತಡೆಯಬಹುದಾಗಿತ್ತೇ ಎಂದರೆ, ತಡೆಯುವ ಮನಸ್ಸೇ ಅವನಿಗಿರಲಿಲ್ಲ. ಹಾಲೆಂಡು ಬಿದ್ದರೆ ಅದರ ವ್ಯಾಪಾರವನ್ನು ಹೇಗೆ ಹಂಚಿಕೊಳ್ಳಬೇಕೆಂದು ಆ ಬೇಸಗೆಯಲ್ಲಿಯೇ ಟಿಪ್ಪಣಿ ಬರೆದಿಟ್ಟನು. ಡಚ್ಚರು ತಮ್ಮ ಏರಿಗಳನ್ನು ತಾವೇ ಒಡೆದು, ಹೊಲಗದ್ದೆಗಳನ್ನು ನೀರಿನಲ್ಲಿ ಮುಳುಗಿಸಿ, ಆಂಸ್ಟರ್‌ಡಾಮನ್ನು ಉಳಿಸಿಕೊಂಡರು. ಯುದ್ಧವು ಆರು ವರ್ಷ ಎಳೆಯಿತು. ಕೋಲ್ಬೇರನು ತಾನೇ ನಿಲ್ಲಿಸಿದ್ದ ಹುದ್ದೆಗಳ ಮಾರಾಟವನ್ನು ಮತ್ತೆ ಆರಂಭಿಸಿದನು. ಮುದ್ರೆಯ ಕಾಗದಕ್ಕೂ ತಂಬಾಕಿಗೂ ತೆರಿಗೆ ಬಿದ್ದು 1675ರಲ್ಲಿ ಬ್ರಿಟನಿಯ ರೈತರು ದಂಗೆಯೆದ್ದರು. 1678ರ ನೈಮೇಗೆನ್ ಸಂಧಿಯಲ್ಲಿ ಫ್ರಾನ್ಸಿಗೆ ಕೆಲವು ಕೋಟೆಗಳೂ ಪ್ರಾಂತಗಳೂ ದೊರೆತವು. ಆದರೆ ಯಾವ ಸುಂಕಕ್ಕಾಗಿ ವೈರವು ಬೆಳೆದಿತ್ತೋ ಆ 1667ರ ಸುಂಕವನ್ನು ಡಚ್ಚರ ಪಾಲಿಗೆ ಎತ್ತಿಹಾಕಬೇಕಾಯಿತು.

ಕೊನೆಯ ವರ್ಷಗಳಲ್ಲಿ ದೊರೆಯ ಕಿವಿಯು ಯುದ್ಧಮಂತ್ರಿ ಲೂವ್ವಾನ ಕಡೆಗೆ ತಿರುಗಿತ್ತು. ವರ್ಸೇಲ್ಸಿನ ಖರ್ಚಿಗೆ ಹಣವನ್ನು ಹೊಂದಿಸುತ್ತ, ಬೈಸಿಕೊಳ್ಳುತ್ತ, ಕೋಲ್ಬೇರನು 1683ನೆಯ ಇಸವಿ ಸೆಪ್ಟೆಂಬರ್ 6ರಂದು ಮೃತನಾದನು. ತೆರಿಗೆಯಿಂದ ಬೆಂದ ಜನರು ಶವಕ್ಕೆ ಅವಮಾನ ಮಾಡಿಯಾರೆಂಬ ಭಯದಿಂದ ರಾತ್ರಿಯ ವೇಳೆ, ಸಿಪಾಯಿಗಳ ಕಾವಲಿನಲ್ಲಿ ಅವನನ್ನು ಸಮಾಧಿ ಮಾಡಿದರು. ಹೈಗೆನ್ಸನು ಎರಡು ವರ್ಷ ಮೊದಲು ಅನಾರೋಗ್ಯದಿಂದ ಹಾಲೆಂಡಿಗೆ ಹೋಗಿದ್ದನು. ಆಶ್ರಯದಾತನು ಹೋದ ಮೇಲೆ ಪ್ಯಾರಿಸಿಗೆ ಮರಳಲೇ ಇಲ್ಲ.

ಕೋಲ್ಬೇರನು ಜೀವಂತನಿದ್ದಷ್ಟು ಕಾಲ ಪ್ರೊಟೆಸ್ಟಂಟ್ ವರ್ತಕರ ಮತ್ತು ಕಸುಬುದಾರರ ಮೇಲಣ ಹಿಂಸೆಯನ್ನು, ಧರ್ಮಕ್ಕಾಗಿ ಅಲ್ಲದಿದ್ದರೂ ಉದ್ಯಮಕ್ಕಾಗಿ, ಕೈಲಾದಷ್ಟು ತಡೆದಿದ್ದನು. ಪ್ರಜೆಗಳು ದೇಶವನ್ನು ಬಿಟ್ಟು ಪರರಾಜ್ಯದಲ್ಲಿ ನೆಲಸಕೂಡದೆಂದು 1669ರಲ್ಲಿ ಆಜ್ಞೆಯನ್ನೂ ಹೊರಡಿಸಿದ್ದನು. ನೆರೆಯವರ ಕೆಲಸಗಾರರನ್ನು ಕದ್ದು ತರುವವನು ತನ್ನವರಿಗೆ ಬೀಗ ಹಾಕಿದುದು ಸಹಜವೇ. ಅವನು ತೀರಿದ ಎರಡು ವರ್ಷಕ್ಕೆ, 1685ರ ಅಕ್ಟೋಬರಿನಲ್ಲಿ, ಲೂಯಿಯು ಆ ಮತದವರಿಗಿದ್ದ ರಕ್ಷಣೆಯನ್ನು ರದ್ದುಗೊಳಿಸಿದನು. ಬೀಗವು ನಿಲ್ಲಲಿಲ್ಲ. ಸುಮಾರು 2 ಲಕ್ಷ ಜನರು, ಅವರಲ್ಲಿ ನೇಕಾರರು, ಕಾಗದ ಮಾಡುವವರು, ಗಡಿಯಾರದವರು, ನಾವಿಕರು, ಗಡಿಗಳನ್ನು ರಾತ್ರಿ ದಾಟಿ ಹಾಲೆಂಡಿಗೂ ಇಂಗ್ಲಂಡಿಗೂ ಬ್ರಾಂಡೆನ್‌ಬರ್ಗಿಗೂ ಹೋದರು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಕೇರಿಯಲ್ಲಿ ಫ್ರೆಂಚ್ ರೇಷ್ಮೆಯ ಮಗ್ಗಗಳು ಸದ್ದುಮಾಡತೊಡಗಿದವು. ಬ್ರಾಂಡೆನ್‌ಬರ್ಗಿನ ಅರಸನು, ಬರುವವರಿಗೆ ಭೂಮಿ, ತೆರಿಗೆಯ ಮಾಫಿ, ಪೂಜಾಸ್ವಾತಂತ್ರ್ಯಗಳನ್ನು ಕೊಡುವುದಾಗಿ ಅದೇ ತಿಂಗಳಲ್ಲಿ ಲೂಯಿಯ ಕ್ಯಾಲೆಂಡರಿನಂತೆ ನವೆಂಬರಿನಲ್ಲಿ ಸಾರಿದನು. ವಾನ್ ರೋಬೈಸನಿಗೆ ಕೋಲ್ಬೇರನು ಕೊಟ್ಟಿದ್ದ ಷರತ್ತುಗಳೂ ಬಹುಮಟ್ಟಿಗೆ ಇವೇ.

ಆಬ್ವಿಲಿನ ಆ ಮನೆತನವೊಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ದೇಶದಲ್ಲೆಲ್ಲ ಪ್ರೊಟೆಸ್ಟಂಟರ ಪ್ರಾರ್ಥನಾಮಂದಿರಗಳು ಕೆಡವಲ್ಪಡುತ್ತಿದ್ದಾಗ ಅವರು ತಮ್ಮ ಮತವನ್ನು ಉಳಿಸಿಕೊಂಡು, ಮುಂದಿನ ಶತಮಾನದಲ್ಲಿಯೂ ನೇಯ್ಗೆಯನ್ನು ನಡೆಸಿದರು. ಕನ್ನಡಿಯ ಕಾರಖಾನೆಯು 1690ರ ದಶಕದಲ್ಲಿ ಸ್ಯಾಂ ಗೋಬೇನ್ ಎಂಬ ಹಳ್ಳಿಗೆ ಹೋಗಿ, ಗಾಜನ್ನು ಊದುವುದರ ಬದಲು ಮೇಜಿನ ಮೇಲೆ ಎರಕ ಹೊಯ್ಯುವ ಹೊಸ ಕ್ರಮದಿಂದ ವೆನಿಸನ್ನು ಮೀರಿಸಿತು. ಆ ಹಳ್ಳಿಯ ಹೆಸರನ್ನು ಹೊತ್ತ ಕಂಪೆನಿಯ ಗಾಜು ಇಂದು ನಮ್ಮ ಪಟ್ಟಣಗಳ ಅಂಗಡಿಗಳಲ್ಲಿಯೂ ಮಾರಾಟವಾಗುತ್ತಿದೆ.